ಒಂದೇ ಬಚ್ಚಲೊಲೆ, ಎರಡು ಉಸಿರು

ಕುಮಾರ ಪರ್ವತದ ಬುಡದಲ್ಲಿರುವ ಸುಬ್ರಹ್ಮಣ್ಯದ ಕಡೆ ಮಳೆ ಹಿಡಿದರೆ ಒಣ ಸೌದೆಗೆ ಬರ. ಅಡಿಕೆ ಸೋಗೆ, ತೆಂಗಿನ ಮಡಲು, ಅರೆಬರೆ ಒಣಗಿದ ಕಟ್ಟಿಗೆ ಎಲ್ಲವೂ ಬಚ್ಚಲೊಲೆಗೆ. ಹಂಡೆಯ ನೀರು ಕಾಯುವ ಮೊದಲೇ ಹೊಗೆ ತುಂಬಿರುತ್ತದೆ. ಅಡುಗೆಗೆ ಗ್ಯಾಸ್ ಬಂದ ಎಷ್ಟೋ ಮನೆಗಳಲ್ಲಿ ಸ್ನಾನಕ್ಕೆ ಇನ್ನೂ ಈ ಒಲೆಯೇ. ಇಂಥ ಹೊಗೆಯಲ್ಲೇ ಬಾಳಿದ ಅಕ್ಕತಂಗಿಯರಲ್ಲಿ ಒಬ್ಬರಿಗೆ ಅರುವತ್ತಕ್ಕೇ ದಮ್ಮು ಹತ್ತಬಹುದು, ಇನ್ನೊಬ್ಬರು ಎಪ್ಪತ್ತರಲ್ಲೂ ತೋಟ ಸುತ್ತಿ ಬರಬಹುದು. "ಅಪ್ಪನಿಗೂ ಇತ್ತಲ್ಲ" ಎಂಬ ಮನೆಮಾತಿನಲ್ಲಿ ಹುರುಳಿದೆಯೇ?

ಇದೆ, ಒಂದಷ್ಟು.

1963ರಲ್ಲಿ ಸ್ವೀಡನ್ನಿನ ಸಂಶೋಧಕರಾದ ಲಾರೆಲ್ ಮತ್ತು ಎರಿಕ್ಸನ್ ಐದು ಜನರ ರಕ್ತದಲ್ಲಿ ಆಲ್ಫಾ-1 ಆಂಟಿಟ್ರಿಪ್ಸಿನ್ ಎಂಬ ಪ್ರೊಟೀನಿನ ಗುರುತೇ ಕಾಣದ್ದನ್ನು ಗಮನಿಸಿದರು. ಅವರಲ್ಲಿ ಮೂವರಿಗೆ ಶ್ವಾಸಕೋಶದ ಕಾಯಿಲೆ. ರೋಗಾಣುಗಳ ಮೇಲೆ ಬಿಳಿ ರಕ್ತಕಣಗಳು ಬಿಡುವ ಕಿಣ್ವ ಶ್ವಾಸಕೋಶವನ್ನೇ ತಿನ್ನದಂತೆ ಕಾಯುವುದು ಈ ಪ್ರೊಟೀನಿನ ಕೆಲಸ, ತಯಾರಾಗುವುದು ಯಕೃತ್ತಿನಲ್ಲಿ. ತಂದೆ, ತಾಯಿ ಇಬ್ಬರಿಂದಲೂ ಕೆಟ್ಟ ಜೀನೇ ಬಂದರೆ ಕಾವಲು ತಪ್ಪುತ್ತದೆ. ಆದರೆ ಇದು ಹೆಚ್ಚಾಗಿ ಯುರೋಪ್ ಮೂಲದವರ ಕಥೆ, ಭಾರತದಲ್ಲಿ ಅಪರೂಪ.

ಉಳಿದವರಲ್ಲಿ ಕೆಲಸ ಮಾಡುವುದು ಜೀನುಗಳ ಚಿಲ್ಲರೆ ವ್ಯತ್ಯಾಸಗಳು. ಸಿಒಪಿಡಿ ಎಂಬ ದೀರ್ಘಕಾಲದ ಶ್ವಾಸಕೋಶದ ಕಾಯಿಲೆಗೆ ನಂಟಿರುವ 82 ಜಾಗಗಳನ್ನು 2019ರ ಒಂದು ಅಧ್ಯಯನ ಜೀನೋಮಿನಲ್ಲಿ ಗುರುತಿಸಿತು. ಒಂದೊಂದರ ಪ್ರಭಾವವೂ ತೀರಾ ಕಡಿಮೆ. ಇನ್ನೂ ಕುತೂಹಲದ್ದು 2018ರ ಸಂಶೋಧನೆ: ಸುಮಾರು ನಾಲ್ವರಲ್ಲಿ ಒಬ್ಬರ ಶ್ವಾಸನಾಳ ಪಠ್ಯಪುಸ್ತಕದ ಚಿತ್ರದಂತೆ ಕವಲೊಡೆದಿರುವುದಿಲ್ಲ. ಎಲ್ಲೋ ಒಂದು ಕವಲು ಹೆಚ್ಚು, ಎಲ್ಲೋ ಒಂದು ಇಲ್ಲ. ಇಂಥ ಕೆಲವು ಮಾದರಿಗಳಿಗೂ ಸಿಒಪಿಡಿಗೂ ಸಂಬಂಧ ಕಂಡಿದೆ. ಅಂದರೆ ಹೊಗೆ ಒಳಹೋಗುವ ದಾರಿಯೇ ಒಬ್ಬೊಬ್ಬರಿಗೆ ಒಂದೊಂದು ರೀತಿ.

ಹಾಗೆಂದು ಎಲ್ಲವನ್ನೂ ವಂಶದ ತಲೆಗೆ ಕಟ್ಟುವುದು ಒಲೆಗೆ ಅನುಕೂಲ. ಮೈಸೂರಿನ ಜೆಎಸ್‌ಎಸ್ ವೈದ್ಯಕೀಯ ಕಾಲೇಜಿನ ಡಾ. ಪಿ.ಎ. ಮಹೇಶ್ ಮತ್ತು ಸಂಗಡಿಗರು ಮೈಸೂರು ಜಿಲ್ಲೆಯ ಹಳ್ಳಿಯ ಹೆಂಗಸರನ್ನು ಅಧ್ಯಯನ ಮಾಡಿ 2013ರಲ್ಲಿ ಒಂದು ಸರಳ ಲೆಕ್ಕ ಮುಂದಿಟ್ಟರು. ದಿನಕ್ಕೆ ಸೌದೆ ಒಲೆಯೆದುರು ಕಳೆದ ಗಂಟೆಗಳನ್ನು ವರ್ಷಗಳಿಂದ ಗುಣಿಸಿ. 60 ಮುಟ್ಟಿದರೆ ಬಿಡದ ಕಫ-ಕೆಮ್ಮಿನ ಕಾಯಿಲೆಯ ಅಪಾಯ ಎದ್ದು ಕಾಣುತ್ತದೆ. ದಿನಕ್ಕೆರಡು ಗಂಟೆಯಾದರೆ ಮೂವತ್ತು ವರ್ಷ. ಹದಿನೆಂಟಕ್ಕೆ ಒಲೆ ಹಿಡಿದವಳಿಗೆ ನಲವತ್ತೆಂಟು. ಇದು ಅಡುಗೆಯ ಲೆಕ್ಕ. ಬಚ್ಚಲೊಲೆಯ ಮುಂದಿನ ಹೊತ್ತು, ಪಕ್ಕದಲ್ಲಿ ಕೂತವರ ಬೀಡಿ ಬೇರೆ.

ಜೀನು ನೋಡದೆಯೂ ಪತ್ತೆಯ ದಾರಿಯಿದೆ, ಸ್ಪೈರೋಮೆಟ್ರಿ. ಎದೆ ತುಂಬ ಉಸಿರೆಳೆದು ಕೊಳವೆಯೊಳಗೆ ಜೋರಾಗಿ ಊದುವುದು, ಅಷ್ಟೇ. ಶ್ವಾಸನಾಳ ಹಿಗ್ಗಿಸುವ ಔಷಧ ಕೊಟ್ಟ ಮೇಲೂ, ಮೊದಲ ಸೆಕೆಂಡಿನಲ್ಲಿ ಹೊರಬಂದ ಗಾಳಿ ಒಟ್ಟು ಊದಿದ್ದರ ಶೇ. 70ಕ್ಕಿಂತ ಕಡಿಮೆಯಿದ್ದರೆ ವೈದ್ಯರು ಸಿಒಪಿಡಿಯನ್ನು ಶಂಕಿಸುತ್ತಾರೆ, ಮುಂದಿನ ಪ್ರಶ್ನೆಯಾಗಿ ಮನೆಯ ಒಲೆ ಯಾವುದೆಂದು ಕೇಳುತ್ತಾರೆ.