ಚಳಿಗೆ ವಾಹನದೊಳಗೆ ಮಲಗುವಾಗ ಕಿಟಕಿ ಪೂರ್ತಿ ಮುಚ್ಚಬೇಡಿ

ಸುಬ್ರಹ್ಮಣ್ಯ: ಡಿಸೆಂಬರ್, ಜನವರಿ ತಿಂಗಳ ರಾತ್ರಿ ಇಲ್ಲಿನ ಪೇಟೆಯಲ್ಲಿ ಒಂದು ಸುತ್ತು ಬಂದರೆ ಸಾಲಾಗಿ ನಿಂತ ವಾಹನಗಳೊಳಗೆ ಜನ ಮಲಗಿರುವುದು ಕಾಣುತ್ತದೆ. ಚಂಪಾಷಷ್ಠಿಗೆ ಬಂದವರು, ಶಬರಿಮಲೆ ಯಾತ್ರೆಯ ದಾರಿಯಲ್ಲಿ ತಂಗಿದವರು, ಬೆಳಗ್ಗೆ ಕುಮಾರ ಪರ್ವತ ಹತ್ತಲಿರುವವರು. ರೂಮು ಸಿಗದವರಿಗೆ ಅಂದಿನ ಮಟ್ಟಿಗೆ ಟೆಂಪೋ ಟ್ರಾವೆಲರೇ ಮನೆ. ಈಗೀಗ ಮಂಚ, ಅಡುಗೆಕಟ್ಟೆ ಇರುವ ಕಾರವಾನ್‌ಗಳೂ ನಮ್ಮ ರಸ್ತೆಗೆ ಬಂದಿವೆ.

ಘಟ್ಟದ ಬುಡದಲ್ಲಿರುವ ಸುಬ್ರಹ್ಮಣ್ಯದ ಚಳಿ ಹೆಪ್ಪುಗಟ್ಟಿಸುವ ಚಳಿಯಲ್ಲ. ಆದರೆ ಸಾವಿರ ಮೀಟರ್ ಮೇಲೇರಿದರೆ ಸುಮಾರು 6 ಡಿಗ್ರಿ ಉಷ್ಣತೆ ಇಳಿಯುತ್ತದೆ. ಕುಮಾರ ಪರ್ವತದ ಎತ್ತರ 1,712 ಮೀಟರ್. ಇದೇ ವಾಹನ ಮರುದಿನ ಊಟಿಗೆ ಹೋದರೆ ಕೆಲವು ಮುಂಜಾನೆ ಹುಲ್ಲಿನ ಮೇಲಿನ ಇಬ್ಬನಿಯೇ ಹೆಪ್ಪುಗಟ್ಟಿರುತ್ತದೆ. ವಾಹನದ ತಗಡು ಬಿಸಿಲಿಗೆ ಬೇಗ ಕಾಯುವಂತೆ ರಾತ್ರಿ ಬೇಗ ತಣ್ಣಗಾಗುತ್ತದೆ. ಆಗ ನಾವು ಮಾಡುವುದೇನು? ಗಾಜು ಏರಿಸಿ ಎಂಜಿನ್ ಚಾಲೂ ಇಡುತ್ತೇವೆ, ಇಲ್ಲವೇ ಕೆಂಡದ ಬಾಣಲೆ ಒಳಗೆ ತರುತ್ತೇವೆ.

ಅಪಾಯ ಇರುವುದು ಇಲ್ಲೇ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕಾರವಾನ್ ಒಳಗೆ ಇಬ್ಬರು ಶವವಾಗಿ ಪತ್ತೆಯಾದರು. ಎ.ಸಿ.ಗಾಗಿ ಓಡುತ್ತಿದ್ದ ಜನರೇಟರ್‌ನ ಹೊಗೆಯಲ್ಲಿದ್ದ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದ್ದು ಕಾರಣವೆಂದು ತನಿಖೆಯಲ್ಲಿ ತಿಳಿದುಬಂತು. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಇದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಳ್ಳುತ್ತದೆ. ಮಲಗಿದವರಿಗೆ ಎಚ್ಚರವೇ ಆಗುವುದಿಲ್ಲ. ಇದ್ದಿಲ ಕೆಂಡ ಹೊಗೆಯಾಡದಿದ್ದರೂ ಅದರಿಂದ ಈ ಅನಿಲ ಬರುತ್ತಲೇ ಇರುತ್ತದೆ. ಹೊಗೆ ಇಲ್ಲ, ತೊಂದರೆ ಇಲ್ಲ ಎನ್ನುವ ನಮ್ಮ ಹಳೆಯ ನಂಬಿಕೆ ತಪ್ಪು.

ಆದುದರಿಂದ ಎಂಜಿನ್, ಜನರೇಟರ್, ಗ್ಯಾಸ್ ಒಲೆ ಎಲ್ಲವನ್ನೂ ಆರಿಸಿಯೇ ಮಲಗಬೇಕು. ಅಡುಗೆ ಹೊರಗೇ ಆಗಲಿ. ಎದುರುಬದುರು ಎರಡು ಕಿಟಕಿ ಎರಡು ಬೆರಳಿನಷ್ಟು ತೆರೆದಿರಲಿ. ಚಳಿಯಾಗುವುದಿಲ್ಲವೇ ಎಂದು ಕೇಳಬಹುದು. ಎಲ್ಲ ಮುಚ್ಚಿದರೆ ಉಸಿರಿನ ತೇವ ಗಾಜಿನ ಮೇಲೆ ನೀರಾಗಿ ಇಳಿದು ಹೊದಿಕೆ ಒದ್ದೆಯಾಗುತ್ತದೆ, ಒದ್ದೆ ಹೊದಿಕೆಯಲ್ಲಿ ಚಳಿ ಇನ್ನೂ ಜಾಸ್ತಿ. ಮೈಯ ಬಿಸಿ ಹೋಗುವುದು ಅಡಿಯಿಂದಲೂ. ಮೇಲೆ ಎರಡು ರಗ್ಗು ಹೊದೆಯುವ ಬದಲು ಒಂದನ್ನು ಚಾಪೆಯ ಮೇಲೆ ಹಾಸಿಕೊಳ್ಳಿ. ಮಕ್ಕಳಿಗೂ ವೃದ್ಧರಿಗೂ ಟೊಪ್ಪಿ, ಕಾಲುಚೀಲ ಮರೆಯಬಾರದು.

ರಾತ್ರಿ ಒಳಗಿದ್ದ ಒಬ್ಬರಿಗಿಂತ ಹೆಚ್ಚು ಮಂದಿಗೆ ತಲೆನೋವು, ವಾಕರಿಕೆ ಬಂದರೆ ಊಟದ ದೋಷವೆಂದು ಮಾತ್ರೆ ನುಂಗಿ ಮತ್ತೆ ಮಲಗಬೇಡಿ. ಬಾಗಿಲು ತೆರೆದು ಎಲ್ಲರೂ ಕೆಳಗಿಳಿಯಿರಿ, 108ಕ್ಕೆ ಕರೆಮಾಡಿ.