ಕಲ್ಲಿನಲ್ಲಿ ಉಳಿದ ಶಾಂತಲೆ

ಅರೇಹಳ್ಳಿಯ ಶಾಲೆಮಕ್ಕಳನ್ನು ಬೇಲೂರಿನ ದೇವಾಲಯಕ್ಕೆ ಕರೆದೊಯ್ದಾಗಲೆಲ್ಲ ಒಂದೇ ಪ್ರಶ್ನೆ. ಕನ್ನಡಿ ಹಿಡಿದ ದರ್ಪಣಸುಂದರಿಯ ಕೆಳಗೆ ಕತ್ತೆತ್ತಿ ನಿಂತು, "ಇವಳೇ ಶಾಂತಲೆ ಅಲ್ವಾ?" ಅನ್ನುತ್ತಾರೆ. ಹಾಗೆಂದು ಯಾವ ಶಾಸನವೂ ಹೇಳುವುದಿಲ್ಲ. ಇಂಥ ಮದನಿಕೆ ಶಿಲ್ಪಗಳ ಪೀಠಗಳಲ್ಲಿ ಹೆಸರುಗಳಿವೆ ನಿಜ, ಆದರೆ ಅವು ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣನಂಥ ರೂವಾರಿಗಳವು. ಹೊಯ್ಸಳರ ರಾಣಿ ಶಾಂತಲೆಯ ಗುರುತು ಬೇಕೆಂದರೆ ಅದೇ ಅಂಗಳದಲ್ಲಿ ದಕ್ಷಿಣಕ್ಕಿರುವ ಕಪ್ಪೆ ಚೆನ್ನಿಗರಾಯನ ಗುಡಿಗೆ ಹೋಗಬೇಕು. 1117ರಲ್ಲಿ ಅದನ್ನು ಕಟ್ಟಿಸಿದವಳು ಅವಳು.

ಹುಟ್ಟು, ಮನೆತನ ಬೇಗ ಮುಗಿಯುವ ಮಾತು. ತಂದೆ ಮಾರಸಿಂಗಯ್ಯ ಶೈವ, ತಾಯಿ ಮಾಚಿಕಬ್ಬೆ ಜೈನಳು, ಗಂಡ ಹೊಯ್ಸಳ ವಿಷ್ಣುವರ್ಧನ, ಗುರು ಪ್ರಭಾಚಂದ್ರ ಸಿದ್ಧಾಂತದೇವರು. ಹಳೇಬೀಡಿನ ಜೋಡಿಗುಡಿಯಲ್ಲಿ ಒಂದಕ್ಕೆ ಇಂದಿಗೂ ಶಾಂತಲೇಶ್ವರ ಎಂದೇ ಹೆಸರು.

ಜನ ಎಡವುವುದು ಅವಳ ಒಂದು ಬಿರುದಿನಲ್ಲಿ. 1123ರಲ್ಲಿ ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಅವಳು ಶಾಂತಿನಾಥನಿಗೆ ಬಸದಿ ಕಟ್ಟಿಸಿದಳು. ಆ ಬಿರುದಿನಿಂದಲೇ ಅದರ ಹೆಸರು ಸವತಿಗಂಧವಾರಣ ಬಸದಿ. ಹೆಸರು ಕೇಳಿದವರು "ಎಷ್ಟು ಹೊಟ್ಟೆಕಿಚ್ಚಿನ ಹೆಂಗಸು!" ಎಂದುಬಿಡುತ್ತಾರೆ. ಗಂಧವಾರಣ ಎಂದರೆ ಮದವೇರಿದ ಆನೆ. ಮದ ಬಂದಾಗ ಗಂಡಾನೆಯ ಕಣ್ಣು ಕಿವಿಗಳ ನಡುವೆ ಮದಜಲ ಸೋರಿ ಕೆನ್ನೆ ಕಪ್ಪಾಗುತ್ತದೆ. ಅದರ ವಾಸನೆ ಗಾಳಿಯಲ್ಲಿ ಬಂದರೆ ಸಾಕು, ಉಳಿದ ಆನೆಗಳು ಕಾದಾಡದೆ ದಾರಿ ಬಿಡುತ್ತವೆ. ಕಾಫಿತೋಟಕ್ಕೆ ಆನೆ ನುಗ್ಗುವ ನಮ್ಮ ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಶಾಸನದಲ್ಲಿ ಬಿರುದಿನ ಪೂರ್ಣರೂಪ "ಉದ್ವೃತ್ತ ಸವತಿ ಗಂಧವಾರಣೆ". ಉದ್ವೃತ್ತ ಎಂದರೆ ಸೊಕ್ಕಿದ. ಆ ವಿಶೇಷಣ ಸವತಿಯರದು, ಶಾಂತಲೆಯದಲ್ಲ! ಸೊಕ್ಕಿದವರು ಅವಳಿರುವ ಸುಳಿವಿಗೇ ಅಡಗುತ್ತಿದ್ದರು ಎಂಬುದು ಇಂಗಿತ. ನಾನು ಇದನ್ನು ಅರಮನೆಯಲ್ಲಿ ಅವಳಿಗಿದ್ದ ಅಧಿಕಾರದ ಮಾತೆಂದೇ ಓದುತ್ತೇನೆ. ಅದೇ ಶಾಸನ ಅವಳನ್ನು ವಿವೇಕದಲ್ಲಿ ಬೃಹಸ್ಪತಿ ಎಂದೂ, ಸಮಯಸ್ಫೂರ್ತಿಯ ಮಾತಿನಲ್ಲಿ ವಾಚಸ್ಪತಿ ಎಂದೂ ಹೊಗಳುತ್ತದೆ. ಅದನ್ನು ಯಾಕೋ ಯಾರೂ ನೆನೆಯುವುದಿಲ್ಲ.

ಸಾವಿನ ಕಥೆಗೂ ಇದೇ ಗತಿ. ಶಿವಗಂಗೆ ಬೆಟ್ಟದ ತುದಿಯಲ್ಲಿ ಅವಳು ಹಾರಿಕೊಂಡ ಜಾಗವೆಂದು ಒಂದು ಪ್ರಪಾತವನ್ನು ತೋರಿಸುತ್ತಾರೆ. ಚಿಕ್ಕಬೆಟ್ಟದ ಶಾಸನ 1131ರಲ್ಲಿ ಅವಳು ಶಿವಗಂಗೆಯಲ್ಲಿ ಮುಡಿಪಿದಳು ಎನ್ನುತ್ತದೆ. ಮುಡಿಪು ಎಂದರೆ ಆ ಕಾಲದ ಜೈನ ಶಾಸನಗಳಲ್ಲಿ ಮರಣ ಹೊಂದುವುದು. ಹಾರಿದ ಮಾತು ಅಲ್ಲಿಲ್ಲ. ಮಗಳ ಅಗಲಿಕೆ ತಾಳದೆ ಮಾಚಿಕಬ್ಬೆ ಬೆಳಗೊಳಕ್ಕೆ ಬಂದು, ಉಪವಾಸವಿದ್ದು ಪ್ರಾಣ ಬಿಟ್ಟದ್ದನ್ನು ಮಾತ್ರ ಅದೇ ಶಾಸನ ವಿವರವಾಗಿ ಹೇಳುತ್ತದೆ. ಅದನ್ನು ಓದುವಾಗ ಇವತ್ತಿಗೂ ನನ್ನ ಗಂಟಲು ಕಟ್ಟುತ್ತದೆ.

ಅಥೆನ್ಸಿನ ನಾಯಕ ಪೆರಿಕ್ಲೀಸನ ಸಂಗಾತಿ ಅಸ್ಪೇಸಿಯಾಳ ಬುದ್ಧಿಯನ್ನೂ ಜನ ಹೀಗೇ ಗಾಳಿಮಾತಿನಲ್ಲಿ ಮುಳುಗಿಸಿದರು. ಅವಳ ಬಗ್ಗೆ ತಿಳಿಯಲು ಪ್ಲೇಟೋ, ಪ್ಲೂಟಾರ್ಕ್ ಮತ್ತು ಹಾಸ್ಯನಾಟಕಕಾರರಂಥವರು ಬರೆದದ್ದನ್ನೇ ನಂಬಬೇಕು. ಶಾಂತಲೆಯ ವಿಷಯದಲ್ಲಿ ನಾವು ಪುಣ್ಯವಂತರು. ಅವಳ ಕಾಲದಲ್ಲೇ ಕೊರೆದ ಕಲ್ಲುಗಳು ನಮಗಿವೆ. ಅವಳನ್ನು ಕುರಿತ ಸಿ. ಕೆ. ನಾಗರಾಜರಾಯರ ಕಾದಂಬರಿಯನ್ನು ಪ್ರೀತಿಯಿಂದ ಓದಿ. ಆಮೇಲೆ ಶಾಸನಸಂಗ್ರಹವಾದ ಎಪಿಗ್ರಾಫಿಯಾ ಕರ್ನಾಟಿಕದ ಎರಡನೆಯ ಸಂಪುಟ ತೆರೆಯಿರಿ, ಚಿಕ್ಕಬೆಟ್ಟ ಹತ್ತಿ. ಹಳಗನ್ನಡದ ಅಕ್ಷರ ಮೊದಲ ಸಲಕ್ಕೆ ಗುರುತು ಸಿಗದಿದ್ದರೆ ಬೇಸರಪಡಬೇಡಿ. ಬೆಳಗಿನ ಓರೆಬಿಸಿಲಿನಲ್ಲಿ ನೋಡಿ, ಗೆರೆಗಳು ನೆರಳು ಹಿಡಿದು ಏಳುತ್ತವೆ.