ನಿಮಗಿದು ಗೊತ್ತೆ? ಬೆಂಕಿಯಲ್ಲಿ ಹುಟ್ಟಿ ನೀರಲ್ಲಿ ತೇಲುವ ಕಲ್ಲು

ಹಿಮ್ಮಡಿ ಉಜ್ಜಲು ಬಳಸುವ ಪ್ಯೂಮಿಸ್ ಕಲ್ಲು ಹುಟ್ಟುವುದು ಜ್ವಾಲಾಮುಖಿಯ ಸ್ಫೋಟದಲ್ಲಿ. ಸಿಲಿಕಾ ಹೆಚ್ಚಿರುವ ಶಿಲಾಪಾಕ ಬಲು ಅಂಟು. ಭೂಮಿಯ ಆಳದ ಒತ್ತಡದಲ್ಲಿ ನೀರಾವಿ, ಇಂಗಾಲದ ಡೈಆಕ್ಸೈಡ್ ಅದರಲ್ಲಿ ಕರಗಿಕೊಂಡಿರುತ್ತವೆ. ಶಿಲಾಪಾಕ ಮೇಲೇರಿ ಒತ್ತಡ ಇಳಿದಾಗ, ಸೋಡಾ ಬಾಟಲಿಯ ಮುಚ್ಚಳ ತೆಗೆದಂತೆ ಅನಿಲವೆಲ್ಲ ಗುಳ್ಳೆಗಳಾಗಿ ಉಕ್ಕುತ್ತದೆ. ಹೊರಚಿಮ್ಮಿದ ನೊರೆ ಹರಳುಗಟ್ಟಲೂ ಪುರುಸೊತ್ತಿಲ್ಲದಷ್ಟು ಬೇಗ ತಣಿದು ಗಟ್ಟಿಯಾಗುತ್ತದೆ. ಹಾಗಾಗಿ ಪ್ಯೂಮಿಸ್ ನಿಜಕ್ಕೂ ಒಂದು ಬಗೆಯ ಗಾಜು! ಒಂದು ತುಂಡನ್ನು ಭೂತಗನ್ನಡಿಯಲ್ಲಿ ನೋಡಿ: ಒತ್ತೊತ್ತಾದ ತೂತುಗಳು, ನಡುವೆ ತೆಳ್ಳಗಿನ ಗಾಜಿನ ಗೋಡೆಗಳು. ಒರಟು ಚರ್ಮವನ್ನು ಕೆರೆದು ತೆಗೆಯುವುದು ಆ ಗೋಡೆಗಳ ಚೂಪು ಅಂಚುಗಳೇ.

ತೂತುಗಳಲ್ಲಿ ಸಿಕ್ಕಿಕೊಂಡ ಗಾಳಿಯಿಂದಾಗಿ ಈ ಕಲ್ಲು ತೇಲುತ್ತದೆ. 1883ರಲ್ಲಿ ಇಂಡೋನೇಷ್ಯಾದ ಕ್ರಕಟೋವಾ ಸಿಡಿದಾಗ ಚಿಮ್ಮಿದ ಪ್ಯೂಮಿಸ್ ಹಿಂದೂ ಮಹಾಸಾಗರವನ್ನೇ ದಾಟಿ ಆಫ್ರಿಕಾದ ತೀರ ಸೇರಿತ್ತು. 2012ರಲ್ಲಿ ನ್ಯೂಜಿಲೆಂಡಿನ ಈಶಾನ್ಯಕ್ಕೆ, ಕಡಲಾಳದ ಹಾವ್ರ್ ಜ್ವಾಲಾಮುಖಿ ಉಗುಳಿದ ಪ್ಯೂಮಿಸ್ ತೇಲುವ ತೆಪ್ಪದಂತೆ ಸುಮಾರು 400 ಚದರ ಕಿ.ಮೀ. ಹರಡಿತ್ತು. ಅದನ್ನು ಗಮನಿಸಿ ಸುದ್ದಿ ಮುಟ್ಟಿಸಿದವರು ವಿಮಾನದ ಪ್ರಯಾಣಿಕರೊಬ್ಬರು. ಇಂಥ ತೆಪ್ಪಗಳಿಂದ ತೊಂದರೆಯೂ ಉಂಟು: 2021ರಲ್ಲಿ ಜಪಾನಿನ ಓಕಿನಾವಾದ ಬಂದರುಗಳಲ್ಲಿ ತುಂಬಿಕೊಂಡು ಮೀನುಗಾರರನ್ನು ದಡದಲ್ಲೇ ಕೂರಿಸಿದವು. ಎಲ್ಲಕ್ಕಿಂತ ಸೋಜಿಗವೆಂದರೆ, ಪಾಚಿ, ಹವಳದ ಮರಿಗಳು ಇವನ್ನೇರಿ ಸಾವಿರಾರು ಕಿ.ಮೀ. ಪಯಣಿಸುತ್ತವೆ. ರಂಧ್ರಗಳಿಗೆ ನೀರು ಇಳಿದಂತೆಲ್ಲ ಕಲ್ಲು ನಿಧಾನವಾಗಿ ಮುಳುಗುತ್ತದೆ.

ಪ್ರಾಚೀನ ರೋಮನ್ನರಿಗೂ ಇದರ ಗುಣ ಚೆನ್ನಾಗಿ ತಿಳಿದಿತ್ತು. ರೋಮ್ ನಗರದ ಪ್ಯಾಂಥಿಯನ್ ಗುಮ್ಮಟದ ಮೇಲ್ಭಾಗದ ಭಾರ ಇಳಿಸಲು ಅವರು ಕಾಂಕ್ರೀಟಿಗೆ ಪ್ಯೂಮಿಸ್ ಬೆರೆಸಿದರು. ಕಬ್ಬಿಣದ ಸರಳೇ ಇಲ್ಲದ ಆ ಗುಮ್ಮಟ ಸುಮಾರು 1,900 ವರ್ಷಗಳಿಂದ ನಿಂತಿದೆ.